ಹಿಡಿಯುವವನು ತಡೆಯುವವನಾದ ಬೇಸಿಗೆ

ಜುಲೈ ೨೩, ಮಂಗಳವಾರ

ಕ್ಯಾಂಪಿಗೆ ಬಂದ ದಿನವೇ ಬಿಳಿ ಅಂಗಿ ಹೋಯಿತು.

ಬ್ಯಾಗು ಇನ್ನೂ ಹೆಗಲಿಂದ ಇಳಿದಿರಲಿಲ್ಲ. ರಿಸೀವರ್‌ಗಳ ಕೋಚ್ ಬಾಗಿಲಲ್ಲೇ ನಿಲ್ಲಿಸಿ ನನ್ನ ಬೆನ್ನಿನ ಮೇಲೆ ಕೈಯಿಟ್ಟರು. ಇಲ್ಲಿ ಯಾರಾದರೂ ಬೆನ್ನಿನ ಮೇಲೆ ಕೈಯಿಟ್ಟರೆ ಒಳ್ಳೆಯ ಸುದ್ದಿ ಇರುವುದಿಲ್ಲ. "ಪ್ರಾಸ್ಪರ್, ನೇರವಾಗಿ ಹೇಳ್ಬಿಡ್ತೀನಿ. ಚೆಂಡು ಹಿಡಿಯೋರು ನನ್ನ ಹತ್ರ ಬೇಕಾದಷ್ಟು ಜನ ಇದಾರೆ. ನೀನು ಆ ಸಾಲಿನ ಕೊನೇಲಿದೀಯ. ಆದ್ರೆ ಎದುರಾಳೀನ ತಡೆಯೋ ಡಿಫೆನ್ಸಿನ ಕೋಚ್ ಪಿಂಕ್ನಿಗೆ ನಿನ್ನ ಕಾಲು ಇಷ್ಟ ಆಗಿದೆ. ಡಿಫೆನ್ಸ್‌ಗೆ ಹೋಗು. ಬೇಡ ಅಂದ್ರೆ ಮನೆಗೆ ಹೋಗ್ಬಹುದು, ಟಿಕೆಟ್ ನಾವೇ ಕೊಡ್ತೀವಿ."

ಟಿಕೆಟ್ಟಿನ ಮಾತನ್ನು ಉಪಕಾರದ ಹಾಗೆ ಹೇಳಿದರು. ಅವರ ಮುಖ ನೋಡಿದೆ. ಬಿಸಿಲಿಗೆ ಸುಲಿದ ಮೂಗು, ನಿದ್ದೆಯಿಲ್ಲದ ಕಣ್ಣು. ಪಾಪ, ಬೆಳಿಗ್ಗೆಯಿಂದ ಇದನ್ನೇ ಇನ್ನೂ ನಾಲ್ಕು ಜನರಿಗೆ ಹೇಳಿ ಬಂದಿದ್ದಿರಬೇಕು. ಹೋಗುತ್ತೇನೆ ಅಂದೆ. ಬೇರೇನು ಹೇಳಲಿ? ಎರಡು ವರ್ಷ ಅಭ್ಯಾಸದ ತಂಡದಲ್ಲಿ ಕೊಳೆತಿದ್ದೇನೆ. ವಾರವಿಡೀ ಆಡಿ, ಭಾನುವಾರ ಬಂದರೆ ಟೀವಿಯ ಮುಂದೆ ಕೂರುವ ತಂಡ ಅದು. ಮೂರನೆಯ ವರ್ಷ ಯಾರೂ ಇಟ್ಟುಕೊಳ್ಳುವುದಿಲ್ಲ.

ಸಾಮಾನು ಕೋಣೆಯವನು ಬಿಳಿ ಅಂಗಿ ಇಸಿದುಕೊಂಡು ನೀಲಿಯದು ಕೊಟ್ಟ. ಅಭ್ಯಾಸದಲ್ಲಿ ಬಿಳಿ ಚೆಂಡು ಹಿಡಿಯುವವರ ಕಡೆಗೆ, ನೀಲಿ ತಡೆಯುವವರ ಕಡೆಗೆ. ಏಳನೆಯ ವಯಸ್ಸಿನಿಂದ ಈ ಅಮೆರಿಕನ್ ಫುಟ್‌ಬಾಲಿನಲ್ಲಿ ನನ್ನ ಕೆಲಸ ಒಂದೇ, ಓಡಿ ತಿರುಗಿ ಚೆಂಡು ಹಿಡಿಯುವುದು. ಎಲ್ಲಿ ತಿರುಗುತ್ತೇನೆ ಅನ್ನುವುದು ನನಗೆ ಗೊತ್ತು, ನನ್ನನ್ನು ತಡೆಯುವವನಿಗೆ ಗೊತ್ತಿಲ್ಲ. ಆಟದ ಸುಖವೆಲ್ಲ ಅಷ್ಟರಲ್ಲೇ ಇದೆ. ಈಗ ಆ ಗೊತ್ತಿಲ್ಲದವನು ನಾನಾಗಬೇಕು. ಶಾಲೆಯಲ್ಲಿ ಎರಡೂ ಕಡೆ ಆಡುವವರಿದ್ದಾರೆ, ಕಾಲೇಜಿನಲ್ಲೂ ಒಬ್ಬಿಬ್ಬರಿದ್ದಾರೆ. ಹೊಟ್ಟೆಪಾಡಿಗೆ ಆಡುವ ಈ ಜಾಗದಲ್ಲಿ, ಒಂದೇ ತಿಂಗಳಲ್ಲಿ, ಯಾರು ಬದಲಾಗಿದ್ದಾರೆ?

ಕೋಣೆಯಲ್ಲಿ ಟೆಜ್ ಆಗಲೇ ಕಿಟಕಿಯ ಪಕ್ಕದ ಮಂಚ ಹಿಡಿದುಕೊಂಡಿದ್ದ. ಕೊರ್ಟೆಜ್ ವಿಟ್ಲೋ. ಎಂಟು ವರ್ಷದಿಂದ ಆಡುತ್ತಿರುವ ರಿಸೀವರ್. ನಾನು ಹೊಸಬನಾಗಿ ಬಂದಾಗ ಊಟದ ಮೇಜಿನಲ್ಲಿ ಪಕ್ಕ ಕೂರಿಸಿಕೊಂಡವನು ಅವನೊಬ್ಬನೇ. ನೀಲಿ ಅಂಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕರೆ ಅವನ ಮುಂದಿನ ಹಲ್ಲಿನ ಸಂದಿ ಕಾಣುತ್ತದೆ, ಎಡ ಹುಬ್ಬು ಒಂದೇ ಮೇಲೆ ಹೋಗುತ್ತದೆ. ಅವನು ನಗುವಾಗ ಎದುರಿಗಿದ್ದವರು ಮುಖ ಗಂಟು ಹಾಕಿಕೊಂಡಿರುವುದು ಸಾಧ್ಯವೇ ಇಲ್ಲ.

"ಲೋ ದ್ರೋಹಿ, ನನ್ನ ಪಕ್ಕ ಮಲಗಿ ನನ್ನನ್ನೇ ತಡೀತೀಯೇನೋ?"

"ನಿನ್ನನ್ನ ತಡೆಯೋಕೆ ನನ್ನಿಂದ ಆಗುತ್ತೇನಣ್ಣ?" ಅಂದೆ.

"ಅದೂ ನಿಜ ಬಿಡು," ಅಂದ.

ಜುಲೈ ೨೫, ಗುರುವಾರ

ಹಿಂದಕ್ಕೆ ಓಡುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೊಂದೇ. ತೊಡೆಯ ಒಳಗೆ ನನಗೆ ಗೊತ್ತೇ ಇಲ್ಲದ ಯಾವುದೋ ನರ ಉರಿಯುತ್ತಿದೆ.

ಕೋಚ್ ಪಿಂಕ್ನಿ ಡಿಫೆನ್ಸಿನ ಹಿಂದಿನ ಸಾಲು ನೋಡಿಕೊಳ್ಳುವವರು. ಕರಿ ಮುಖದಲ್ಲಿ ಬಿಳಿ ಗಡ್ಡ, ಯಾವಾಗಲೂ ಬಾಯಲ್ಲಿ ಸೂರ್ಯಕಾಂತಿ ಬೀಜ. ಕೂಗುವುದೇ ಇಲ್ಲ, ಪಕ್ಕಕ್ಕೆ ಬಂದು ಮೆಲ್ಲಗೆ ಹೇಳುತ್ತಾರೆ, ಅದು ಇನ್ನೂ ಕಷ್ಟ. ಎಡಗೈಯ ಎರಡು ಬೆರಳು ಬೇರೆ ದಿಕ್ಕಿಗೆ ತಿರುಗಿ ಹಾಗೇ ನಿಂತುಬಿಟ್ಟಿವೆ.

"ಎಲ್ಲಿ ನೋಡ್ತಿದೀಯಪ್ಪ?"

"ಅವನ ಮುಖ, ಕೋಚ್."

"ಮುಖ ಯಾಕೆ? ಮದುವೆ ಆಗ್ತೀಯಾ? ಮುಖ ಆಟ ಆಡುತ್ತೆ. ಭುಜಾನೂ ಆಟ ಆಡುತ್ತೆ. ಸೊಂಟ ನೋಡು. ಸೊಂಟ ಬಿಟ್ಟು ಮನುಷ್ಯ ಎಲ್ಲಿಗೂ ಹೋಗಕ್ಕಾಗಲ್ಲ."

ಸೊಂಟ ನೋಡಿದೆ. ಟೆಜ್ ಎರಡೇ ಹೆಜ್ಜೆಯಲ್ಲಿ ನನ್ನನ್ನು ಎಡಕ್ಕೆ ಕಳಿಸಿ ತಾನು ಬಲಕ್ಕೆ ಹೋದ. ನಾನು ನನ್ನದೇ ಕಾಲಿಗೆ ತೊಡರಿ ಮುಗ್ಗರಿಸಿದೆ. ಬೇಲಿಯಾಚೆ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ ಊರಿನವರು ಚಪ್ಪಾಳೆ ಹೊಡೆದರು. ಮುದುಕಿಯೊಬ್ಬಳು ನನ್ನನ್ನು ನೋಡಿ ಅಯ್ಯೋ ಅನ್ನುವ ಹಾಗೆ ತಲೆಯಾಡಿಸಿದಳು. ಆ ಕನಿಕರ ನನಗೆ ಬೇಡವಾಗಿತ್ತು.

ಜುಲೈ ೨೮, ಭಾನುವಾರ

ಇವತ್ತು ಊಟದ ಮನೆಯಲ್ಲಿ ನನ್ನನ್ನು ಕುರ್ಚಿಯ ಮೇಲೆ ನಿಲ್ಲಿಸಿ ಹಾಡಿಸಿದರು. ಹೊಸದಾಗಿ ಬಂದವರೆಲ್ಲ ಕುರ್ಚಿ ಹತ್ತಿ ತಮ್ಮ ಕಾಲೇಜಿನ ಹಾಡು ಹೇಳಬೇಕು, ಇಲ್ಲದಿದ್ದರೆ ಬ್ರೆಡ್ಡಿನ ತುಂಡು ಮೈಮೇಲೆ ಬೀಳುತ್ತವೆ. ಎರಡು ವರ್ಷದ ಕೆಳಗೇ ಹಾಡಿದ್ದೇನೆ ಎಂದೆ. "ಆ ಕಡೆ ಹಾಡಿದ್ದು. ಈ ಕಡೆಗೆ ನೀನು ಹೊಸ ಮದುಮಗಳು," ಎಂದು ನೀಲಿ ಅಂಗಿಯವರೆಲ್ಲ ಮೇಜು ಕುಟ್ಟಿದರು. ಹಾಡಿದೆ. ದನಿ ಒಡೆಯಿತು. ಬ್ರೆಡ್ಡೂ ಬಿತ್ತು, ಒಂದು ಬೇಯಿಸಿದ ಆಲೂಗಡ್ಡೆಯೂ ಬಿತ್ತು.

ಅದು ತಮಾಷೆ, ಇರಲಿ. ಬೆಳಿಗ್ಗೆ ನಡೆದದ್ದು ತಮಾಷೆಯಲ್ಲ. ಕೆಡಹುವ ಅಭ್ಯಾಸ. ಎದುರಿಗೆ ಬಂದವನ ಹೊಟ್ಟೆಗೆ ಭುಜ ಕೊಟ್ಟು, ತೊಡೆ ಅಪ್ಪಿ, ಎತ್ತಿ ನೆಲಕ್ಕೆ ಹಾಕಬೇಕು. ಹೊಸ ಹುಡುಗನೊಬ್ಬನನ್ನು ಹಾಕಿದೆ. ಅವನ ಉಸಿರು ಹಕ್ ಎಂದು ಹೊರಗೆ ಬಂದದ್ದು ನನ್ನ ಕಿವಿಗೇ ಕೇಳಿಸಿತು. ಕಣ್ಣು ಅಗಲವಾಗಿ ತೆರೆದು, ಮೀನಿನ ಹಾಗೆ ಬಾಯಿ ಬಿಡುತ್ತಿದ್ದ. ಕೈ ಹಿಡಿದು ಎಬ್ಬಿಸಿ, "ಸಾರಿ ಕಣೋ, ನೋವಾಯ್ತಾ?" ಎಂದು ಕೇಳಿದೆ.

ಎಲ್ಲರೂ ನಕ್ಕರು. ಕೋಚ್ ಪಿಂಕ್ನಿ ನಗಲಿಲ್ಲ. ಬೀಜದ ಸಿಪ್ಪೆ ಉಗುಳಿ, "ಇವನಿಗೆ ಇನ್ನೂ ಬಿಳಿ ಅಂಗಿ ಕನಸಲ್ಲಿ ಬರುತ್ತೆ," ಅಂದರು.

ಆಗಸ್ಟ್ ೧, ಗುರುವಾರ

ಅಜ್ಜಿಗೆ ಫೋನ್ ಮಾಡಿದ್ದೆ. ಫ್ಲಾರಿಡಾದಲ್ಲಿ ಈಗ ಸೆಖೆ ಹೇಗಿದೆ ಎಂದು ಕೇಳಿದರೆ, ಚರ್ಚಿನ ಫ್ಯಾನು ಕೆಟ್ಟದ್ದು, ಪಾದ್ರಿ ಅದಕ್ಕೇ ಉಪದೇಶ ಚಿಕ್ಕದು ಮಾಡಿದ್ದು, ಎಲ್ಲ ಹೇಳಿದಳು. ಆಮೇಲೆ, "ಏನೋ ಕಂದಾ, ಈಗ ನೀನು ಬೆನ್ನಟ್ಟೋ ಕೆಲಸ ಮಾಡ್ತೀಯಂತೆ?"

"ಹೂಂ ಅಜ್ಜಿ."

"ಕಷ್ಟ ಏನಿದೆ ಅದರಲ್ಲಿ? ಕಬ್ಬಿನ ಗದ್ದೆಗೆ ಬೆಂಕಿ ಹಾಕ್ದಾಗ ಮೊಲ ಹಿಡೀತಿರ್ಲಿಲ್ವಾ ನೀವೆಲ್ಲಾ?"

"ನಾನೂ ಹಿಡೀತಿದ್ದೆ."

"ನೀನು? ಹಿಡೀತಿದ್ದೆ, ಅದು ಕಿರುಚ್ತಿತ್ತು, ನೀನೂ ಕಿರುಚಿ ಬಿಟ್ಬಿಡ್ತಿದ್ದೆ. ಮನೆಗೆ ತರ್ತಿದ್ದವನು ನಿಮ್ಮಣ್ಣ."

ಇಬ್ಬರೂ ನಕ್ಕೆವು. ಅವಳು ಫೋನಿನಲ್ಲೇ ನನಗಾಗಿ ಪ್ರಾರ್ಥನೆ ಮಾಡಿದಳು, ಟೆಜ್‌ಗಾಗಿಯೂ ಮಾಡಿದಳು. ಅವನನ್ನು ನೋಡಿಲ್ಲ, ಆದರೂ ಪ್ರತಿ ಸಲ ಹೆಸರು ಸೇರಿಸುತ್ತಾಳೆ.

ಆಗಸ್ಟ್ ೪, ಭಾನುವಾರ

ಟೆಜ್ ಬೆಳಿಗ್ಗೆ ಬಾಗಿಲ ಚಿಲಕ ಹಾಕಿ, ಮಂಚದ ಮೇಲೆ ಕೂತು ಬಲಗಾಲಿನ ಸಾಕ್ಸ್ ತೆಗೆದ. ಹೆಬ್ಬೆರಳಿನ ಬುಡ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿತ್ತು. ಡಿಸೆಂಬರಿನಲ್ಲಿ ಹೆಪ್ಪುಗಟ್ಟಿದ ಮೈದಾನದಲ್ಲಿ ಮಡಚಿಕೊಂಡದ್ದಂತೆ. ಯಾರಿಗೂ ಹೇಳಿಲ್ಲ. ತಂಡದ ಡಾಕ್ಟರಿಗೆ ತೋರಿಸಿದರೆ ಅವರ ಕಾಗದಕ್ಕೆ ಹೋಗುತ್ತದೆ, ಮೂವತ್ತು ವರ್ಷದವನ ಕಾಲು ಅಂದಮೇಲೆ ಎರಡನೇ ಮಾತಿಲ್ಲ, ಮನೆಗೆ ಕಳಿಸುತ್ತಾರೆ. ಅದಕ್ಕೇ ಪಟ್ಟಿಯನ್ನೂ ಊರಿನ ಔಷಧಿ ಅಂಗಡಿಯಿಂದ ತಂದಿದ್ದಾನೆ. ತಾನೇ ಕಟ್ಟಿಕೊಂಡರೆ ಸಡಿಲವಾಗುತ್ತದೆಯಂತೆ.

"ನೀನು ಕಟ್ತೀಯಾ ಮಗಾ?"

ಕಟ್ಟಿದೆ. ಬೆರಳು ಮೇಲಕ್ಕೆ ಬಾಗದ ಹಾಗೆ, ಪಾದದ ಅಡಿಯಿಂದ ಎಳೆದು, ಎರಡು ಸುತ್ತು. ಅವನು ದಿಂಬು ಕಚ್ಚಿಕೊಂಡಿದ್ದ. ಕಣ್ಣಲ್ಲಿ ನೀರು, ಆದರೂ ಆ ಹುಬ್ಬು ಮೇಲೆ ಹೋಗಿತ್ತು.

"ಬಿಟ್ಬಿಡಬಾರದಾ ಅಣ್ಣ? ರೆನೀಟಾ ಅತ್ತಿಗೆಗಾದ್ರೂ ಗೊತ್ತಾ ಇದು?"

"ಅವಳಿಗೆ ಗೊತ್ತಾದ್ರೆ ಕಾರ್ ತಗೊಂಡು ಬಂದು ಕಿವಿ ಹಿಡಿದು ಕರ್ಕೊಂಡ್ ಹೋಗ್ತಾಳೆ. ಇನ್ನೊಂದು ವರ್ಷ ಕಣೋ. ಬೆಳಿಗ್ಗೆ ಎದ್ದಾಗ ನನ್ನ ಮೇಲೆ ಕೂಗೋಕೆ ಒಬ್ಬ ಕೋಚ್ ಇಲ್ಲ ಅಂದ್ರೆ ನಾನು ಏನ್ ಮಾಡ್ಲಿ ಹೇಳು? ಹುಲ್ಲು ಕತ್ತರಿಸ್ಲಾ?"

ಸಂಜೆ ಎಲ್ಲರೂ ಮಂಜುಗಡ್ಡೆಯ ತೊಟ್ಟಿಗೆ ಹೋದಮೇಲೆ ಅವನು ನನ್ನನ್ನು ಹಿಂದಿನ ಮೈದಾನಕ್ಕೆ ಕರೆದುಕೊಂಡು ಹೋದ. ರಿಸೀವರ್ ಆಗಿ ತಾನು ಏನು ಯೋಚಿಸುತ್ತೇನೆ, ಯಾವ ಹೆಜ್ಜೆ ಸುಳ್ಳು, ಯಾವುದು ನಿಜ, ಎಲ್ಲ ನಿಧಾನವಾಗಿ ನಡೆದು ತೋರಿಸಿದ. ತನ್ನ ಹೊಟ್ಟೆಯ ಮೇಲೇ ತಾನೇ ಹೊಡೆದುಕೊಳ್ಳುವ ಕೆಲಸ ಅಲ್ಲವೇ ಇದು ಎಂದು ಕೇಳಿದ್ದಕ್ಕೆ, "ನೀನು ಉಳಿದ್ರೆ ಕಾರ್ಡ್ಸ್ ಆಡೋಕೆ ಜೊತೆ ಸಿಗುತ್ತೆ, ಅದಕ್ಕೆ," ಅಂದ. ಇಂಥವನು ಇನ್ನೊಬ್ಬ ಈ ಕ್ಯಾಂಪಿನಲ್ಲಿಲ್ಲ.

ಆಗಸ್ಟ್ ೧೧, ಭಾನುವಾರ

ನಿನ್ನೆ ಮೊದಲ ಪಂದ್ಯ. ಲೆಕ್ಕಕ್ಕಿಲ್ಲದ ಪಂದ್ಯ ಅಂತಾರೆ. ಯಾರಿಗೆ ಲೆಕ್ಕವಿಲ್ಲ? ನನ್ನಂಥವರಿಗೆ ಇರುವ ಲೆಕ್ಕವೆಲ್ಲ ಅದೇ.

ಬರೆದುಬಿಡುತ್ತೇನೆ, ಇಲ್ಲದಿದ್ದರೆ ತಲೆಯಿಂದ ಹೋಗುವುದಿಲ್ಲ. ಎದುರಾಳಿಗಳಿಗೆ ಅದು ನಾಲ್ಕನೆಯ ಪ್ರಯತ್ನ, ಕೊನೆಯದು. ಅವರ ರಿಸೀವರ್ ನೇರ ಓಡಿದ, ನಾನು ಪಕ್ಕದಲ್ಲೇ ಇದ್ದೆ, ಮೊದಲ ಸಲ ನಿಜವಾಗಿ ಪಕ್ಕದಲ್ಲಿದ್ದೆ. ತಲೆ ತಿರುಗಿಸಿದರೆ ಚೆಂಡು ಬರುತ್ತಿದೆ. ಎಂಥ ಚೆಂಡು! ದೀಪದ ಬೆಳಕಿನಲ್ಲಿ ಸುತ್ತುತ್ತ, ನನಗೇ ಎಸೆದ ಹಾಗೆ. ಕೈ ತಾನಾಗಿ ಮೇಲೆ ಹೋಯಿತು. ಹಿಡಿದೆ. ಎದೆಗಪ್ಪಿಕೊಂಡೆ. ಅಲ್ಲೇ ನನ್ನನ್ನು ಕೆಡವಿದರು. ಜನ ಎದ್ದು ನಿಂತು ಕೂಗಿದರು. ನಾನೂ ಎದ್ದು ಚೆಂಡು ಮೇಲೆತ್ತಿ ತೋರಿಸಿದೆ, ಹಬ್ಬದ ಕೋಳಿ ಗೆದ್ದವನ ಹಾಗೆ.

ಅದು ಕೆಳಕ್ಕೆ ಹೊಡೆದು ಹಾಕಬೇಕಾದ ಚೆಂಡು. ಶಾಲೆಯ ಹುಡುಗನಿಗೂ ಗೊತ್ತಿರುವ ಸಂಗತಿ. ಕೊನೆಯ ಪ್ರಯತ್ನದ ಚೆಂಡು ಯಾರಿಗೂ ಸಿಗದೆ ನೆಲಕ್ಕೆ ಬಿದ್ದರೆ, ಅವರು ಆಟ ಶುರುಮಾಡಿದ ಜಾಗದಿಂದಲೇ, ಅಂದರೆ ಮೈದಾನದ ನಡುವಿನಿಂದ, ನಮಗೆ ಸಿಗುತ್ತದೆ. ನಾನು ಹಿಡಿದದ್ದರಿಂದ ಹಿಡಿದ ಜಾಗದಿಂದಲೇ ಹೊರಡಬೇಕಾಯಿತು. ನಮ್ಮದೇ ಕೊನೆಯ ಗೆರೆಯ ಹೊಸ್ತಿಲಿನಿಂದ. ಮೂರೇ ಆಟದಲ್ಲಿ ಚೆಂಡು ಕಳೆದುಕೊಂಡೆವು, ಅವರು ಅಂಕ ಮಾಡಿದರು, ಸೋತೆವು.

ಕೋಚ್ ಪಿಂಕ್ನಿ ಪಕ್ಕಕ್ಕೆ ಬಂದರು. "ಖುಷಿ ಆಯ್ತಾ?"

"ಕೋಚ್, ನಾನು..."

"ನೀನು ರಿಸೀವರ್. ಚೆಂಡು ಕಂಡ್ರೆ ನಿನಗೆ ಜೊಲ್ಲು ಸುರಿಯುತ್ತೆ. ನಮ್ಮ ಕೆಲಸ ಚೆಂಡು ಹಿಡಿಯೋದಲ್ಲಪ್ಪ. ಇನ್ನೊಬ್ಬನಿಗೆ ಸಿಗದ ಹಾಗೆ ಮಾಡೋದು. ಈ ಎರಡರ ಮಧ್ಯೆ ಎಷ್ಟು ದೂರ ಇದೆ ಅಂತ ಯೋಚಿಸಿ ನೋಡು. ಬೇಗ ಯೋಚಿಸು."

ಟೆಜ್ ಬಸ್ಸಿನಲ್ಲಿ ಪಕ್ಕ ಕೂತು ಏನೇನೋ ತಮಾಷೆ ಮಾಡಿದ. ನನಗೆ ಅವನ ಮಾತು ಬೇಕಿರಲಿಲ್ಲ. ಅವನಿಗೇನು, ಹಿಡಿಯುವವರ ಕಡೆ ಆಡಿ ಐದು ಚೆಂಡು ಹಿಡಿದಿದ್ದ.

ಆಗಸ್ಟ್ ೧೪, ಬುಧವಾರ

ಇಬ್ಬರನ್ನು ಮನೆಗೆ ಕಳಿಸಿದರು. ಇಬ್ಬರೂ ನೀಲಿ ಅಂಗಿ.

ಪಟ್ಟಿ ಕಟ್ಟುವಾಗ ಟೆಜ್ ಏನೋ ಹೇಳುತ್ತಿದ್ದ, ಕೇಳಿಸಿಕೊಳ್ಳಲಿಲ್ಲ. ಬೆರಳು ಎಷ್ಟು ಬಾಗುತ್ತದೆ ಎಂದು ನೋಡುತ್ತಿದ್ದೆ. ಬಾಗುವುದೇ ಇಲ್ಲ.

ಆಗಸ್ಟ್ ೧೬, ಶುಕ್ರವಾರ

ಆಯಿತು! ಇವತ್ತು ಆಯಿತು.

ಒಬ್ಬನಿಗೊಬ್ಬ ಎದುರಾಗುವ ಅಭ್ಯಾಸ. ಟೆಜ್ ಬಂದ. ಅವನು ಎಡಕ್ಕೆ ತಿರುಗಬೇಕಾದರೆ ಬಲಗಾಲಿನ ಹೆಬ್ಬೆರಳು ಊರಿ ನೆಲ ಒದೆಯಬೇಕು. ಆ ಬೆರಳನ್ನು ದಿನಾ ಬೆಳಿಗ್ಗೆ ಕಟ್ಟುವವನು ನಾನು. ಅದು ಒದೆಯುವುದಿಲ್ಲ. ಹಾಗಾದರೆ ಅವನು ಎಡಕ್ಕೆ ಹೋಗುವುದಿಲ್ಲ, ಹೋಗುವ ಹಾಗೆ ತೋರಿಸುತ್ತಾನೆ ಅಷ್ಟೆ. ಭುಜ ಎಡಕ್ಕೆ ಹೋಯಿತು, ತಲೆ ಎಡಕ್ಕೆ ಹೋಯಿತು, ನಾನು ಅಲುಗಲಿಲ್ಲ. ಬಲಕ್ಕೆ ಅವನಿಗಿಂತ ಮೊದಲೇ ಹೋಗಿ ನಿಂತಿದ್ದೆ. ಚೆಂಡು ಬಂತು. ಹಿಡಿಯಲಿಲ್ಲ. ನೆಲಕ್ಕೆ ಹೊಡೆದೆ.

ನೀಲಿ ಅಂಗಿಯವರು ಓಡಿ ಬಂದು ಹೆಲ್ಮೆಟ್ಟಿನ ಮೇಲೆ ಗುದ್ದಿದರು. ಮತ್ತೆ ಮೂರು ಸಲ ಎದುರಾದ. ಮೂರು ಸಲವೂ ಅದೇ.

"ಹೇಗೆ ಗೊತ್ತಾಯ್ತಪ್ಪ?" ಕೋಚ್ ಪಿಂಕ್ನಿ ಕೇಳಿದರು.

"ಸೊಂಟ ನೋಡಿದೆ, ಕೋಚ್."

ಕೋಣೆಯಲ್ಲಿ ಟೆಜ್ ಕಾಲು ದಿಂಬಿನ ಮೇಲಿಟ್ಟುಕೊಂಡು ಕೇಳಿದ. "ಮಗಾ, ಒಂದ್ ಮಾತು. ನನ್ನ ಕಾಲು ನೋಡಿ ಕಂಡುಹಿಡೀತಿದೀಯಾ ನೀನು?"

"ಏ, ಇಲ್ಲಣ್ಣ. ಅದೃಷ್ಟ."

"ನಾಲ್ಕ್ ಸಲಾನಾ?" ನಕ್ಕ ಅಂತ ಕಾಣುತ್ತದೆ. ನಾನು ಬೂಟಿನ ದಾರ ಬಿಚ್ಚುತ್ತಿದ್ದೆ.

ತಪ್ಪೇನಿದೆ? ಕಾಲು ಅವನದು, ಆದರೆ ಮೈದಾನದ ಮೇಲೆ ಕಂಡದ್ದು ಎಲ್ಲರದೂ. ನೋಡುವ ಕಣ್ಣಿದ್ದರೆ ಯಾರು ಬೇಕಾದರೂ ನೋಡಬಹುದು. ಅವನ ಜಾಗದಲ್ಲಿ ನಾನಿದ್ದು, ನನ್ನ ಜಾಗದಲ್ಲಿ ಅವನಿದ್ದರೆ ಅವನೂ ಇದನ್ನೇ ಮಾಡುತ್ತಿದ್ದ.

ಆಗಸ್ಟ್ ೧೮, ಭಾನುವಾರ

ಎರಡನೆಯ ಪಂದ್ಯ ಗೆದ್ದೆವು. ನನ್ನ ಕಡೆಗೆ ಅವರು ಎಸೆಯಲೇ ಇಲ್ಲ. ಒಬ್ಬನನ್ನು ಗೆರೆಯ ಹತ್ತಿರ ಎತ್ತಿ ಹಾಕಿದೆ. ಸ್ವಲ್ಪ ಹೊತ್ತು ಏಳಲಿಲ್ಲ. ಒಳ್ಳೆಯ ಹೊಡೆತ, ಭುಜ ಸರಿಯಾಗಿ ಪಕ್ಕೆಯ ಕೆಳಗೆ ಹೋಗಿತ್ತು.

ಅಜ್ಜಿ ಟೀವಿಯಲ್ಲಿ ನೋಡಿದಳಂತೆ. "ಆ ಹುಡುಗ ಎದ್ನೇನೋ?" ಎಂದು ಕೇಳಿದಳು. ಎದ್ದಿರಬೇಕು ಅಂದೆ. "ನಿನ್ನ ದನಿ ಯಾಕೋ ಹೀಗಿದೆ? ನೆಗಡಿನಾ?" ಅಂದಳು. ಲೈನು ಸರಿ ಇಲ್ಲ ಅಂದೆ.

ಆಗಸ್ಟ್ ೨೦, ಮಂಗಳವಾರ

ವಿಡಿಯೋ ಕೋಣೆ. ದೀಪ ಆರಿಸಿ, ನಮ್ಮದೇ ಅಭ್ಯಾಸದ ಚಿತ್ರ ಹಾಕಿ, ಹಿಂದೆ ಮುಂದೆ ಓಡಿಸಿ ನೋಡುವುದು. ಇವತ್ತು ಕೋಚ್ ಪಿಂಕ್ನಿ ಟೆಜ್‌ನ ಓಟ ನಿಲ್ಲಿಸಿ, ಎಲ್ಲರನ್ನೂ ಕೇಳಿದರು. "ಇವನು ಎಲ್ಲಿಗೆ ಹೋಗ್ತಾನೆ? ಯಾಕೆ?"

ಒಬ್ಬ ಎಡಕ್ಕೆ ಅಂದ. ಇನ್ನೊಬ್ಬ ನೇರಕ್ಕೆ ಅಂದ. ನನಗೆ ನಗು ಬಂತು, ಇಷ್ಟು ಸುಲಭದ್ದೂ ಕಾಣುವುದಿಲ್ಲವಲ್ಲ ಇವರಿಗೆ.

"ಬಲಕ್ಕೆ, ಕೋಚ್," ಅಂದೆ. "ಬಲಗಾಲಿನ ಹೆಬ್ಬೆರಳು ಹೋಗಿದೆ. ಪಾದದ ಹೊರ ಅಂಚಿನ ಮೇಲೆ ನಿಲ್ತಾನೆ ನೋಡಿ. ಎಡಕ್ಕೆ ತಿರುಗಕ್ಕೆ ಅವನಿಂದ ಆಗೋದೇ ಇಲ್ಲ."

ಕೋಚ್ ಮತ್ತೆ ಚಿತ್ರ ಓಡಿಸಿದರು. ಒಂದು ಸಲ, ಎರಡು ಸಲ. ಕತ್ತಲಲ್ಲಿ ಬೀಜ ಅಗಿಯುವ ಸದ್ದು ನಿಂತಿತ್ತು.

"ಶಭಾಷ್, ಜರ್ವಾನ್," ಅಂದರು. ಇಷ್ಟು ದಿನ ನಾನು ಅವರಿಗೆ 'ಏನಪ್ಪ' ಆಗಿದ್ದೆ. ಮೊದಲ ಸಲ ನನ್ನ ಹೆಸರು ಅವರ ಬಾಯಿಂದ ಬಂತು.

ಊಟ ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ.

ಆಗಸ್ಟ್ ೨೧, ಬುಧವಾರ

ಡಾಕ್ಟರು ಟೆಜ್‌ನನ್ನು ಬೆಳಿಗ್ಗೆ ಕರೆಸಿದರು. ಎಕ್ಸ್‌ರೇ ತೆಗೆದರು. ಬೆರಳಿನ ಕೀಲಿನ ಕೆಳಗಿನ ಪುಟ್ಟ ಮೂಳೆ ಎರಡಾಗಿ ಕೂತಿದೆಯಂತೆ, ತಿಂಗಳುಗಳಿಂದ. ಮುಚ್ಚಿಟ್ಟ ಗಾಯಕ್ಕೆ ತಂಡ ಹೊಣೆಯಲ್ಲ ಎಂದು ಆಗಲೇ ಹೇಳಿಬಿಟ್ಟಿದ್ದಾರೆ.

ಮಧ್ಯಾಹ್ನ ಬಂದು ನನ್ನ ಮಂಚದ ಎದುರು ನಿಂತ. ಭಾರವೆಲ್ಲ ಎಡಗಾಲಿನ ಮೇಲೆ.

"ಪಟ್ಟಿ ಕಟ್ಟೋನು ನೀನು. ಬೇರೆ ಯಾರಿಗೂ ಗೊತ್ತಿರ್ಲಿಲ್ಲ."

"ಕೋಚ್ ಕೇಳಿದ್ರಣ್ಣ. ವಿಡಿಯೋದಲ್ಲಿ ಕಾಣ್ತಿತ್ತು. ನಾನು ಹೇಳ್ದೆ ಇದ್ರೆ ಇನ್ನೊಬ್ಬ ಹೇಳ್ತಿದ್ದ."

"ಇನ್ನೊಬ್ಬ ಹೇಳ್ಬೇಕಿತ್ತು ಕಣೋ," ಅಂದ. "ಇನ್ನೊಬ್ಬ ಹೇಳಿದ್ರೆ ನಂಗೇನೂ ಅನ್ನಿಸ್ತಿರ್ಲಿಲ್ಲ."

ಸಾರಿ ಅನ್ನಬಹುದಿತ್ತು. ಆಮೇಲೆ ಹೊಳೆಯಿತು. ಹೊಳೆದಾಗ ಅವನು ಸ್ನಾನಕ್ಕೆ ಹೋಗಿದ್ದ.

ಆಗಸ್ಟ್ ೨೩, ಶುಕ್ರವಾರ

ಟೆಜ್‌ನನ್ನು ಇನ್ನೂ ಕಳಿಸಿಲ್ಲ. ಅವನೇ ದೊಡ್ಡ ಕೋಚ್ ಹತ್ತಿರ ಹೋಗಿ, ಎಲ್ಲರ ಎದುರು ಒಂದು ಅವಕಾಶ ಕೊಡಿ, ಓಡಿ ತೋರಿಸುತ್ತೇನೆ ಎಂದು ಕೇಳಿದನಂತೆ. ಎಂಟು ವರ್ಷ ಆಡಿದವನಿಗೆ ಇಲ್ಲ ಅನ್ನಲು ಅವರಿಗೂ ಬಾಯಿ ಬರಲಿಲ್ಲ.

ಸಂಜೆ. ಅಭ್ಯಾಸ ಮುಗಿದಮೇಲೆ ಬಿಳಿ ಅಂಗಿಯವರು ಒಂದು ಕಡೆ, ನೀಲಿಯವರು ಒಂದು ಕಡೆ ಸಾಲಾಗಿ ನಿಂತರು. ಅವನ ಎದುರಿಗೆ ಯಾರು? ಕೋಚ್ ಪಿಂಕ್ನಿ ನಮ್ಮ ಸಾಲಿನ ಉದ್ದಕ್ಕೂ ನೋಡಿದರು. ಹೊಸ ಹುಡುಗರೆಲ್ಲ ನೆಲ ನೋಡಿದರು. ಯಾರಾದರೂ ಒಬ್ಬ ಹೋಗಿ, ಅರ್ಧ ಹೆಜ್ಜೆ ತಡವಾಗಿ ತಿರುಗಿದರೆ ಸಾಕಿತ್ತು, ಅವನಿಗೆ ಒಂದು ಚೆಂಡು ಸಿಗುತ್ತಿತ್ತು. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು ಅಂತ ನನಗೆ ಗೊತ್ತು.

"ನಾನು ಹೋಗ್ತೀನಿ," ಅಂದೆ.

ಯಾಕೆ ಅಂದೆ? ನಾನೇ ಬಿಟ್ಟುಕೊಡೋಣ ಎಂದು. ನಿಜವಾಗಿ ಹಾಗೇ ಅಂದುಕೊಂಡು ಹೋದೆ. ಅವನ ಎದುರು ನಿಲ್ಲುವವರೆಗೆ ಹಾಗೇ ಇತ್ತು.

ಅವನು ಹೊರಟ. ಈ ಸಲ ನಿಜವಾಗಿ ಎಡಕ್ಕೆ. ಆ ಬೆರಳಿನ ಮೇಲೇ ಪೂರ್ತಿ ಭಾರ ಹಾಕಿ ಒದ್ದ, ನೋವನ್ನು ನುಂಗಿ ಒದ್ದ. ಅದು ನನಗೆ ಒದೆಯುವ ಮೊದಲೇ ಕಂಡಿತು. ಸೊಂಟ ಒಂದು ಕೂದಲಷ್ಟು ಕೆಳಗಿಳಿಯಿತು. ನನ್ನ ಬಲಗೈ ಅವನ ಎದೆಯ ಎಡಭಾಗಕ್ಕೆ ಹೋಯಿತು, ಅಂಗೈ ತೆರೆದು, ಬೆರಳು ಮೇಲಕ್ಕೆ, ಕೋಚ್ ಕಲಿಸಿದ ಹಾಗೆಯೇ. ಹೆಚ್ಚು ಬಲ ಬೇಕಾಗಲಿಲ್ಲ. ಒಂದು ಕಾಲಿನ ಮೇಲೆ ನಿಂತ ಮನುಷ್ಯನನ್ನು ತಳ್ಳಲು ಎಷ್ಟು ಬಲ ಬೇಕು? ಆ ಕಾಲು ಮಡಚಿಕೊಂಡಿತು. ಚೆಂಡು ನಮ್ಮಿಬ್ಬರ ಮೇಲಿಂದ ಹೋಗಿ ಎಲ್ಲೋ ಬಿತ್ತು.

ಅವನು ಬಿದ್ದಲ್ಲಿಂದ ಸದ್ದು ಬಂತು. ಮೈದಾನದಲ್ಲಿ ಅಂಥ ಸದ್ದು ಕೇಳಿರಲಿಲ್ಲ. ಎಬ್ಬಿಸಲು ಬಿಳಿ ಅಂಗಿಯವರು ಓಡಿ ಬಂದರು, ನಾನು ನಮ್ಮ ಸಾಲಿಗೆ ಹಿಂದಿರುಗಿದೆ. ಅಲ್ಲಿ ನಿಂತಿದ್ದರೆ ಅವರ ದಾರಿಗೆ ಅಡ್ಡವಾಗುತ್ತಿದ್ದೆ.

ಕೋಚ್ ಪಿಂಕ್ನಿ ತುಂಬ ಹೊತ್ತು ನನ್ನನ್ನೇ ನೋಡಿದರು. ಮೆಚ್ಚಿಗೆ ಇರಬೇಕು.

ನನ್ನ ಎಡಗಾಲು ಇನ್ನೂ ಸ್ವಲ್ಪ ಹಿಂದಿಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ನಾಳೆ ಸರಿಮಾಡಿಕೊಳ್ಳಬೇಕು.

ಆಗಸ್ಟ್ ೨೭, ಮಂಗಳವಾರ

ಇವತ್ತು ಕೊನೆಯ ಕತ್ತರಿ. ಸಂಜೆಯೊಳಗೆ ಐವತ್ಮೂರು ಜನ ಉಳಿದು, ಮಿಕ್ಕವರೆಲ್ಲ ಹೋಗಬೇಕು. ಕರೆಯಲು ಬರುವವನಿಗೆ ಎಲ್ಲ ತಂಡಗಳಲ್ಲೂ ಒಂದೇ ಅಡ್ಡಹೆಸರು, ಟರ್ಕ್. ನಮ್ಮ ಟರ್ಕ್ ಆಫೀಸಿನ ಒಬ್ಬ ಸಣಕಲು ಮನುಷ್ಯ, ಮೆತ್ತನೆ ಚಪ್ಪಲಿ ಹಾಕಿಕೊಂಡು ನಡೆಯುತ್ತಾನೆ. ಬಾಗಿಲು ತಟ್ಟಿ ಹೇಳುವುದು ಒಂದೇ ಮಾತು: ಕೋಚ್ ಕರೀತಿದಾರೆ, ಆಟದ ಪುಸ್ತಕ ತಗೊಂಡು ಬನ್ನಿ. ಪುಸ್ತಕ ವಾಪಸ್ಸು ಕೊಟ್ಟರೆ ಮುಗಿಯಿತು.

ಬೆಳಿಗ್ಗೆಯಿಂದ ನಾವಿಬ್ಬರೂ ಮಂಚದ ಮೇಲೆ ಕೂತಿದ್ದೆವು. ಟೆಜ್‌ನ ಕಾಲಿಗೆ ಕಪ್ಪು ಪ್ಲಾಸ್ಟಿಕ್ಕಿನ ದೊಡ್ಡ ಬೂಟು. ಕಾರಿಡಾರಿನಲ್ಲಿ ಒಂದೊಂದೇ ಬಾಗಿಲು ತಟ್ಟುವುದು ಕೇಳಿಸುತ್ತಿತ್ತು. ಕೊನೆಗೆ ನಮ್ಮ ಬಾಗಿಲು ತಟ್ಟಿದ. ಅವನಿಗೋ, ನನಗೋ, ಇಬ್ಬರಿಗೂನೋ?

"ಮಿಸ್ಟರ್ ವಿಟ್ಲೋ," ಅಂದ ಟರ್ಕ್.

ನನ್ನ ಹೆಸರು ಹೇಳಲಿಲ್ಲ. ಹಾಗೇ ಮುಂದಕ್ಕೆ ಹೋದ. ಆ ಮೆತ್ತನೆ ಚಪ್ಪಲಿಯ ಸದ್ದು ದೂರವಾಗುತ್ತಿದ್ದ ಹಾಗೆ ನನಗೆ ಅಳು ಬಂದುಬಿಡುತ್ತದೆ ಅನ್ನಿಸಿತು, ಸಂತೋಷಕ್ಕೆ. ಬರಲಿಲ್ಲ.

ಟೆಜ್ ಆಫೀಸಿಗೆ ಹೋಗಿ ಬಂದ. ಬ್ಯಾಗು ತುಂಬಿಕೊಂಡ. ರೆನೀಟಾ ಕಾರು ತಂದಿದ್ದಳು, ಗೇಟಿನ ಹತ್ತಿರ ನಿಲ್ಲಿಸಿದ್ದಳು, ಒಳಗೆ ಬರಲಿಲ್ಲ. ಅವನು ಬಾಗಿಲಲ್ಲಿ ನಿಂತು ಕೈ ಚಾಚಿದ. ಕುಲುಕಿದೆ.

"ಉಳ್ಕೊಂಡೆಯಲ್ಲೋ," ಅಂದ. "ಒಳ್ಳೇದಾಯ್ತು. ಚೆನ್ನಾಗಿ ಆಡು." ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟ.

ಮಧ್ಯಾಹ್ನ ಅಜ್ಜಿಗೆ ಫೋನ್ ಮಾಡಿ ಹೇಳಿದೆ. ಅವಳು ಕುಣಿದಾಡಿಬಿಟ್ಟಳು, ಪಕ್ಕದ ಮನೆಯವರನ್ನೆಲ್ಲ ಕೂಗಿ ಕರೆದಳು, ಯೇಸುವಿಗೆ ಸ್ತೋತ್ರ ಅಂದಳು. ಸ್ವಲ್ಪ ಸುಧಾರಿಸಿಕೊಂಡು ಕೇಳಿದಳು.

"ನಿನ್ನ ಟೆಜ್? ಅವನೂ ಉಳಿದ್ನಾ?"

"ಇಲ್ಲ ಅಜ್ಜಿ. ಹೋದ."

"ಅಯ್ಯೋ ನನ್ನಪ್ಪಾ. ಹೋಗ್ವಾಗ ಅಳ್ತಿದ್ನೇನೋ? ಹೇಗಿದ್ದ?"

ಹೇಗಿದ್ದ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು, ಹೇಳಿದೆ. ಬ್ಯಾಗು ಎಡ ಹೆಗಲಿನ ಮೇಲಿತ್ತು. ಬೂಟಿನ ಕಾಲನ್ನು ಹೊರಕ್ಕೆ ತಿರುಗಿಸಿ ಇಡುತ್ತಿದ್ದ. ಮೆಟ್ಟಿಲಿನಲ್ಲಿ ಪ್ರತಿ ಸಲವೂ ಎಡಗಾಲು ಮೊದಲು. ಕಟ್ಟಡದ ಮೂಲೆಯಲ್ಲಿ ಎಡಕ್ಕೆ ಹೋದರೆ ಗೇಟು ಹತ್ತಿರ, ಆದರೂ ಬಲಕ್ಕೆ ಸುತ್ತಿ ಹೋದ.

"ಅದಲ್ಲ ಕಂದಾ," ಅಂದಳು ಅಜ್ಜಿ. "ಅವನ ಮುಖ ಹೇಗಿತ್ತು?"

ನೆನಪಿಗೆ ತಂದುಕೊಳ್ಳಲು ಯೋಚಿಸಿದೆ. ಒಂದೇ ಕೋಣೆಯಲ್ಲಿದ್ದೆವು, ಕೈ ಕುಲುಕುವಷ್ಟು ಹತ್ತಿರ. ಈಗ ಬರೆಯುವಾಗಲೂ ಯೋಚಿಸುತ್ತಿದ್ದೇನೆ. ನಾನು ನೋಡಲಿಲ್ಲ.